ದಕ್ಷಿಣ ಆಫ್ರಿಕೆಯ ವರ್ಣಶಾಲೆಗಳೂ ನಮ್ಮ ತಾಯ್ನುಡಿಯ ಪ್ರಶ್ನೆಯೂ



ಇಂದಿನ ನಮ್ಮ ವಿಷಯವು ಕಡಲಾಚೆಯದು. ದಕ್ಷಿಣ ಆಫ್ರಿಕೆಯ ಬಿಳಿಯರ ಸರಕಾರವು 1953ರಲ್ಲಿ ಕರಿಯರ ಮಕ್ಕಳಿಗೆಂದು ಒಂದು ಶಿಕ್ಷಣದ ಕಾಯದೆಯನ್ನು ಮಾಡಿತು. ಆ ಮಕ್ಕಳು ಏನನ್ನು ಕಲಿಯಬೇಕು, ಎಲ್ಲಿಯವರೆಗೆ ಕಲಿಯಬೇಕು, ಯಾವ ನುಡಿಯಲ್ಲಿ ಕಲಿಯಬೇಕು ಎಂಬದನ್ನೆಲ್ಲ ಅವರ ತಂದೆತಾಯಿಗಳ ಸಮ್ಮತಿಯಿಲ್ಲದೆ ತಾನೇ ಗೊತ್ತುಮಾಡಿತು. ಸುಮಾರು ನಾಲ್ವತ್ತು ವರ್ಷಗಳ ಕಾಲ ಆ ವ್ಯವಸ್ಥೆಯು ನಡೆಯಿತು. ಎರಡು ತಲೆಮಾರುಗಳ ಬಾಳನ್ನು ಅದು ಬಾಗಿಸಿತು. ಕೊನೆಗೆ ಶಾಲೆಯ ಹುಡುಗರೇ ಬೀದಿಗಿಳಿದು ಅದರ ಬುಡವನ್ನು ಅಲುಗಾಡಿಸಿದರು.

ಕನ್ನಡ ನಾಡು, ಕನ್ನಡದ ಶಿಕ್ಷಣ ಇವುಗಳ ಸಲುವಾಗಿ ಕೂಡಿದ ಸಭೆಯಲ್ಲಿ ಈ ಪರದೇಶದ ವೃತ್ತಾಂತವೇಕೆ ಎಂದು ತಾವು ಕೇಳಬಹುದು. ಕಾರಣವುಂಟು. ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸಬೇಕೆಂದು ನಾವು ವಾದಿಸಿದಾಗ, ಎದುರುಪಕ್ಷದವರು ಒಂದು ಬಾಣವನ್ನು ಹೂಡಬಲ್ಲರು: ದಕ್ಷಿಣ ಆಫ್ರಿಕೆಯಲ್ಲಿ ಕರಿಯರ ಮಕ್ಕಳಿಗೆ ತಾಯ್ನುಡಿಯಲ್ಲಿಯೇ ಕಲಿಸಿದರು, ಅದರಿಂದಲೇ ಅವರು ಕೂಲಿಗಳಾಗಿ ಉಳಿದರು, ನೀವೂ ನಮ್ಮ ಮಕ್ಕಳಿಗೆ ಅದನ್ನೇ ಮಾಡಹೊರಟಿದ್ದೀರಿ, ಎಂದು. ಈ ಆಕ್ಷೇಪವು ಪೂರ್ತಿ ಸುಳ್ಳಲ್ಲ. ಅರ್ಧ ನಿಜವಾದ ಮಾತಿಗೆ ಕೂಗಾಟವು ಉತ್ತರವಾಗಲಾರದು. ಉಳಿದರ್ಧವನ್ನು ತೆಗೆದು ತೋರಿಸುವದೇ ಉತ್ತರ. ಅದನ್ನೇ ನಾವು ಇಂದು ಮಾಡಬೇಕೆಂದಿದ್ದೇವೆ.

1953ಕ್ಕೆ ಮೊದಲು ಆ ದೇಶದಲ್ಲಿ ಸಮತೆಯಿತ್ತೆಂದು ಯಾರೂ ಭಾವಿಸಬಾರದು. ಕೇಪ್ ವಸಾಹತಿನಲ್ಲಿ 1905ರಷ್ಟು ಹಿಂದೆಯೇ ಸ್ಕೂಲ್ ಬೋರ್ಡ್ ಕಾಯದೆಯು ಬಂದು, ಬಿಳಿಯ ಮಕ್ಕಳಿಗೆ ಶಿಕ್ಷಣವು ಕಡ್ಡಾಯವಾಯಿತು. ಅವರ ಶಾಲೆಗಳ ಬಾಗಿಲು ಕರಿಯ ಮಕ್ಕಳಿಗೆ ಮುಚ್ಚಿತು. ಕರಿಯರ ಶಾಲೆಗಳನ್ನು ಬಹುಮಟ್ಟಿಗೆ ಕ್ರೈಸ್ತ ಮಿಶನ್ನುಗಳು ನಡೆಯಿಸುತ್ತಿದ್ದವು. ಸರಕಾರವು ಅವಕ್ಕೆ ಅಷ್ಟಿಷ್ಟು ಸಹಾಯಧನವನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಅನೇಕ ಮಕ್ಕಳು ಶಾಲೆಯ ಮೋರೆಯನ್ನೇ ಕಾಣುತ್ತಿದ್ದಿಲ್ಲ. ಆದರೂ ಆ ಬಡ ಶಾಲೆಗಳಲ್ಲಿ ಒಂದು ಗುಣವಿತ್ತು: ಹುಡುಗನು ಎಲ್ಲಿಯವರೆಗೆ ಏರಬಲ್ಲನೋ ಅಲ್ಲಿಯವರೆಗೆ ಏರಲು ಅವು ಅಡ್ಡಬರುತ್ತಿದ್ದಿಲ್ಲ. 1841ರಲ್ಲಿ ನಿಂತ ಲವ್‌ಡೇಲ್ ವಿದ್ಯಾಲಯ, ನತಾಲದ ಆ್ಯಡಮ್ಸ್ ಕಾಲೇಜು, 1916ರಲ್ಲಿ ಹುಟ್ಟಿದ ಫೋರ್ಟ್ ಹೇರ್ ಮಹಾವಿದ್ಯಾಲಯ, ಇವುಗಳಿಂದ ಒಂದು ಜನಾಂಗದ ಮುಂದಾಳುಗಳೇ ಹೊರಬಿದ್ದರು. ನೆಲ್ಸನ್ ಮಂಡೇಲಾ ಅವರು ಫೋರ್ಟ್ ಹೇರಿನಲ್ಲಿ ಓದಿದವರು. 1960ರ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ಆಲ್ಬರ್ಟ್ ಲುಥೂಲಿ ಅವರು ಆ್ಯಡಮ್ಸ್ ಕಾಲೇಜಿನಲ್ಲಿ ಕಲಿತು, ಅಲ್ಲಿಯೇ ಶಿಕ್ಷಕರಾಗಿದ್ದವರು. ಬಿಳಿಯ ಆಳರಸರಿಗೆ ಈ ಏರಿಕೆಯೇ ಕಣ್ಣುಕಿಸುರಾಯಿತು.

1948ರ ಚುನಾವಣೆಯಲ್ಲಿ ಡಾ. ಮಲಾನರ ನ್ಯಾಶನಲ್ ಪಕ್ಷವು ಗೆದ್ದು, ವರ್ಣಭೇದವನ್ನೇ ರಾಜ್ಯದ ಧರ್ಮವನ್ನಾಗಿ ಮಾಡಿತು. ಮರು ವರ್ಷ ಐಸೆಲೆನ್ ಎಂಬವರ ಮುಂದಾಳುತನದಲ್ಲಿ ಕರಿಯರ ಶಿಕ್ಷಣವನ್ನು ಕುರಿತು ಒಂದು ಆಯೋಗವು ನೇಮಿಸಲ್ಪಟ್ಟಿತು. 1951ರಲ್ಲಿ ಅದರ ವರದಿ ಬಂದಿತು. ಆ ವರದಿಯ ಬುನಾದಿಯ ಮೇಲೆ 1953ರ ಬಾಂಟು ಶಿಕ್ಷಣ ಕಾಯದೆಯು ಎದ್ದು, 1954ರ ಜನೇವರಿ 1ರಿಂದ ಜಾರಿಗೆ ಬಂದಿತು. ‘ಬಾಂಟು’ ಎಂಬದು ಆ ನಾಡಿನ ಮೂಲ ಜನರನ್ನು ಸರಕಾರವು ಕರೆಯುತ್ತಿದ್ದ ಹೆಸರು. ಈ ಕಾಯದೆಯನ್ನು ಮಂಡಿಸಿದ ಸಚಿವರು ಹೆಂಡ್ರಿಕ್ ವೆರ್ವೂರ್ಡ್. ಮುಂದೆ 1958ರಲ್ಲಿ ಅವರೇ ಪ್ರಧಾನಮಂತ್ರಿಗಳಾದರು.

ನಮ್ಮಂಥ ವಕೀಲರಿಗೆ ಕಾಯದೆಯ ಹೆಸರಿಗಿಂತ ಅದರ ದಂಡದ ಕಲಮಿನ ಮೇಲೆ ಕಣ್ಣು ಹೆಚ್ಚು. ಹೆಸರನ್ನು ಸರಕಾರವು ಲೋಕಕ್ಕೆ ತೋರಿಸಲೆಂದು ಇಟ್ಟಿರುತ್ತದೆ. ದಂಡದ ಕಲಮಿನಲ್ಲಿ ಅದರ ಅಂಜಿಕೆಯು ಹೊರಬೀಳುತ್ತದೆ. ಹೆಸರಿನಿಂದ ಇದು ಶಿಕ್ಷಣದ ಕಾಯದೆ. ಆದರೆ ಸರಕಾರದಲ್ಲಿ ನೋಂದಾಯಿಸದೆ ಕರಿಯ ಮಕ್ಕಳಿಗೆ ಶಾಲೆಯನ್ನು ನಡೆಯಿಸುವದು ಇದರ ಪ್ರಕಾರ ಅಪರಾಧ. ಮರದ ನೆರಳಿನಲ್ಲಿ ಹತ್ತು ಹುಡುಗರನ್ನು ಕೂಡ್ರಿಸಿಕೊಂಡು ಅಕ್ಷರ ಕಲಿಸುವವನು ಕೋರ್ಟಿನ ಕಟಕಟೆಯನ್ನು ಹತ್ತಬೇಕು. ವಿದ್ಯೆಯನ್ನು ಹಬ್ಬಿಸಲಿಕ್ಕೆ ಹುಟ್ಟಿದ ಕಾಯದೆಯು ವಿದ್ಯೆ ಕೊಡುವವನನ್ನು ಏಕೆ ಹಿಡಿಯುತ್ತದೆ? ಈ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು, ಕಾಯದೆಯ ಹೊಟ್ಟೆಯೊಳಗಿನದು ಹೊರಗೆ ಬರುವದು.

ಎರಡನೆಯದಾಗಿ, ಕರಿಯರ ಶಾಲೆಗಳನ್ನು ಪ್ರಾಂತಗಳ ಶಿಕ್ಷಣ ಇಲಾಖೆಗಳಿಂದ ಬಿಡಿಸಿ, ಮೂಲನಿವಾಸಿಗಳ ವ್ಯವಹಾರದ ಇಲಾಖೆಗೆ ಒಪ್ಪಿಸಲಾಯಿತು. ಕರಿಯರಿಗೆ ಗುರುತಿನ ಚೀಟಿ ಕೊಡುವ, ಅವರನ್ನು ಊರಿಂದೂರಿಗೆ ಎಬ್ಬಿಸುವ, ಅವರ ಕೂಲಿಯನ್ನು ಹಂಚುವ ಇಲಾಖೆಯೇ ಅವರ ಮಕ್ಕಳ ಪಾಠವನ್ನೂ ನೋಡಿಕೊಳ್ಳುವದಾಯಿತು. ಮಿಶನ್ನುಗಳ ಮುಂದೆ ಕಠಿಣವಾದ ದಾರಿಗಳಷ್ಟೇ ಉಳಿದವು: ಶಾಲೆಯನ್ನು ಸರಕಾರದ ಕೈಗೆ ಕೊಡುವದು, ಇಳಿಯುತ್ತ ಹೋಗುವ ಸಹಾಯಧನದಿಂದ ಹೇಗಾದರೂ ನಡೆಯಿಸುವದು, ಇಲ್ಲವೆ ಮುಚ್ಚುವದು. ಕೆಥೋಲಿಕರು ಸರಕಾರದ ಹಣವಿಲ್ಲದೆ ನಡೆಯಿಸಲು ಹೆಣಗಿದರು. ಜೋಹಾನ್ಸ್‌ಬರ್ಗಿನ ಆಂಗ್ಲಿಕನ್ ಬಿಶಪ್ ಆ್ಯಂಬ್ರೋಸ್ ರೀವ್ಸ್ ಅವರು, ಅಂಥ ಶಿಕ್ಷಣಕ್ಕೆ ಕೈಗೂಡಿಸುವದಕ್ಕಿಂತ ಮುಚ್ಚುವದೇ ಮೇಲೆಂದು ತಮ್ಮ ಶಾಲೆಗಳನ್ನು ಮುಚ್ಚಿದರು. ಆಲಿವರ್ ಟ್ಯಾಂಬೊ ಅವರು ಕಲಿತು ಕಲಿಸಿದ ಸೇಂಟ್ ಪೀಟರ್ಸ್ ಶಾಲೆಯೂ 1956ರಲ್ಲಿ ಮುಚ್ಚಿತು.

ಇನ್ನು ಇದರ ಉದ್ದೇಶವೇನೆಂಬದನ್ನು ನಾವು ಊಹಿಸಬೇಕಾದ ಕಾರಣವಿಲ್ಲ. ವೆರ್ವೂರ್ಡರೇ 1954ರ ಜೂನದಲ್ಲಿ ಸೆನೆಟಿನ ಮುಂದೆ ಅದನ್ನು ಬಿಚ್ಚಿ ಹೇಳಿದರು. ಕೆಲವು ಬಗೆಯ ಕೂಲಿಗೆಲಸದ ಮೇಲಕ್ಕೆ ಬಿಳಿಯರ ಸಮಾಜದಲ್ಲಿ ಬಾಂಟುವಿಗೆ ಸ್ಥಾನವಿಲ್ಲ. ತನ್ನ ಸಮಾಜದೊಳಗೆ ಅವನು ಎಷ್ಟು ಬೇಕಾದರೂ ಏರಲಿ. ಹಿಂದಿನ ಶಿಕ್ಷಣವು ಅವನಿಗೆ ಮೇಯಲಿಕ್ಕೆ ಅಪ್ಪಣೆಯಿಲ್ಲದ ಹುಲ್ಲುಗಾವಲನ್ನು ತೋರಿಸಿ ದಾರಿ ತಪ್ಪಿಸಿತು, ಎಂಬದು ಅವರ ವಾದದ ತಾತ್ಪರ್ಯ. ಮನುಷ್ಯನ ಮಗುವನ್ನು ದನದ ಕರುವಿಗೆ ಹೋಲಿಸಿ, ಹುಲ್ಲು ತನಗೆ, ಗೂಟ ಅದಕ್ಕೆ ಎಂದು ಹೇಳಿದ ಹಾಗಾಯಿತು.

ಹಣದ ಲೆಕ್ಕವನ್ನಷ್ಟು ನೋಡೋಣ. ಕರಿಯರ ಶಿಕ್ಷಣಕ್ಕೆ ಬೊಕ್ಕಸದಿಂದ ವರ್ಷಕ್ಕೆ 65 ಲಕ್ಷ ಪೌಂಡು ಎಂದು ಗೊತ್ತುಮಾಡಿ, ಆ ಅಂಕಿಗೆ ಮೊಳೆ ಹೊಡೆದರು. ಅದರ ಮೇಲೆ ಬೇಕಾದದ್ದನ್ನು ಕರಿಯರೇ ತೆರುವ ತೆರಿಗೆಯ ಐದರಲ್ಲಿ ನಾಲ್ಕು ಪಾಲಿನಿಂದ ತುಂಬಿಕೊಳ್ಳಬೇಕು. ಮಕ್ಕಳ ಸಂಖ್ಯೆ ವರುಷ ವರುಷಕ್ಕೆ ಏರಿತು. ಬೊಕ್ಕಸದ ಅಂಕಿ ನಿಂತಲ್ಲಿಯೇ ನಿಂತಿತು. 1972ರವರೆಗೂ ಈ ಕಟ್ಟು ಸಡಿಲಲಿಲ್ಲ. ಇದರ ಫಲವೇನು? ಕೆಳಗಿನ ತರಗತಿಗಳಲ್ಲಿ ಎರಡು ಸರತಿಯ ಶಾಲೆಗಳಾದವು. ಒಂದು ಗುಂಪಿನ ಮಕ್ಕಳಿಗೆ ದಿನಕ್ಕೆ ಮೂರೇ ತಾಸು ಪಾಠ. ಬೆಳಗಿನ ಗುಂಪನ್ನು ಕಳಿಸಿ ದಣಿದ ಶಿಕ್ಷಕಿಯೇ ಮಧ್ಯಾಹ್ನದ ಗುಂಪಿಗೂ ಕಲಿಸಬೇಕು. 1975-76ರಲ್ಲಿ ಒಂದು ಬಿಳಿಯ ಮಗುವಿನ ಶಿಕ್ಷಣಕ್ಕೆ ಸರಕಾರವು ವೆಚ್ಚಮಾಡಿದ್ದು 644 ರಾಂಡು. ಒಂದು ಕರಿಯ ಮಗುವಿಗೆ 42 ರಾಂಡು. ಹದಿನೈದು ಪಾಲಿನ ಅಂತರ. ಭಾರತೀಯರ ಮಕ್ಕಳೂ ಮಿಶ್ರವರ್ಣದ ಮಕ್ಕಳೂ ಈ ಏಣಿಯ ನಡುವಿನ ಮೆಟ್ಟಿಲುಗಳ ಮೇಲೆ ಇದ್ದರು. ಅವರಿಗೂ ಮುಂದೆ 1963ರಲ್ಲಿ ಮತ್ತು 1965ರಲ್ಲಿ ಬೇರೆ ಬೇರೆ ಕಾಯದೆಗಳಾದವು.

ಬೇರೆಯಾಗಿಟ್ಟರೇನು, ಸಮಾನವಾಗಿಟ್ಟರಾಯಿತಲ್ಲ ಎಂದು ಕೆಲವು ಸಜ್ಜನರು ಅನ್ನುವದುಂಟು. ಆ ಸರಕಾರಕ್ಕೆ ಅಷ್ಟು ಮುಚ್ಚುಮರೆಯೂ ಬೇಕಾಗಲಿಲ್ಲ. ಅದೇ 1953ರಲ್ಲಿ ಅದು ಸಾರ್ವಜನಿಕ ಸ್ಥಳಗಳನ್ನೂ ವಾಹನಗಳನ್ನೂ ಕುರಿತು ಇನ್ನೊಂದು ಕಾಯದೆಯನ್ನು ಮಾಡಿ, ಬೇರೆ ಬೇರೆ ಜನರಿಗೆ ಇಟ್ಟ ಸೌಕರ್ಯಗಳು ಸಮಾನವಾಗಿರಬೇಕೆಂಬ ನಿರ್ಬಂಧವಿಲ್ಲೆಂದು ಬಾಯಿಬಿಟ್ಟು ಹೇಳಿತು. ಬೇರೆಯಿಟ್ಟರೆ ಸಮಾನವಾಗಿಯಾದರೂ ಇಡಬೇಕು ಎಂದು ಅಲ್ಲಿಯ ನ್ಯಾಯಾಲಯಗಳು ತೀರ್ಪಿತ್ತದ್ದೇ ಈ ಕಾಯದೆಗೆ ಕಾರಣ. ಇತ್ತ ಅಮೇರಿಕೆಯ ಸುಪ್ರೀಮ್ ಕೋರ್ಟು 1954ರ ಮೇ 17ರಂದು, ಬ್ರೌನ್ ಎಂಬ ಪ್ರಸಿದ್ಧ ಖಟ್ಲೆಯಲ್ಲಿ, ಮಕ್ಕಳನ್ನು ವರ್ಣದ ಮೇಲೆ ಬೇರ್ಪಡಿಸಿದ ಶಾಲೆಗಳು ಎಂದೂ ಸಮಾನವಾಗಲಾರವು ಎಂದು ತೀರ್ಪನ್ನಿತ್ತಿತು. ಒಂದೇ ವರ್ಷದಲ್ಲಿ ಒಂದು ದೇಶದ ನ್ಯಾಯಪೀಠವು ಗೋಡೆಯನ್ನು ಕೆಡವಲು ಹೇಳುತ್ತಿತ್ತು. ಇನ್ನೊಂದು ದೇಶದ ಸಚಿವರು ಗೋಡೆಗೆ ಗಾರೆ ಕಲಿಸುತ್ತಿದ್ದರು.

ಈಗ ನುಡಿಯ ಪ್ರಶ್ನೆಗೆ ಬರೋಣ. ಮೊದಲು ಕರಿಯ ಮಕ್ಕಳು ಆರಂಭದ ಕೆಲವು ವರ್ಷಗಳಷ್ಟೇ ತಾಯ್ನುಡಿಯಲ್ಲಿ ಕಲಿತು, ಆಮೇಲೆ ಇಂಗ್ಲಿಷಿಗೆ ಹೋಗುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಪ್ರಾಥಮಿಕ ಶಾಲೆಯ ಎಂಟೂ ವರ್ಷಗಳ ಪಾಠವು ತಾಯ್ನುಡಿಯಲ್ಲಾಯಿತು. ಝೂಲು, ಖೋಸಾ, ಸೋತೋ, ತ್ಸ್ವಾನಾ ಈ ನುಡಿಗಳೆಲ್ಲ ತರಗತಿಯನ್ನು ಹೊಕ್ಕವು. ಮೇಲ್ನೋಟಕ್ಕೆ ಇದು ನಾವು ಕೇಳುವದೇ ಅಲ್ಲವೆ? ಆ ನುಡಿಗಳೇನೂ ಬಡ ನುಡಿಗಳಲ್ಲ. ಜಾನ್ ಟೆಂಗೊ ಜಬಾವು ಅವರು 1884ರಲ್ಲಿಯೇ ಖೋಸಾ ನುಡಿಯಲ್ಲಿ ‘ಇಂವೊ ಜಬಾನ್‌ತ್ಸುಂಡು’ ಎಂಬ ವೃತ್ತಪತ್ರವನ್ನು ತೆಗೆದಿದ್ದರು. ಸಾಲ್ ಪ್ಲಾಟ್ಯೆ ಅವರು ಶೇಕ್ಸ್‌ಪಿಯರನ ನಾಟಕವನ್ನು ತ್ಸ್ವಾನಾ ನುಡಿಗೆ ತಂದು 1930ರಲ್ಲಿ ಅಚ್ಚು ಹಾಕಿಸಿದ್ದರು. ಅಂಥ ನುಡಿಗಳಿಗೆ ಶಾಲೆಯಲ್ಲಿ ಗದ್ದುಗೆ ದೊರೆತಾಗ ಆ ಜನರೇಕೆ ಹರ್ಷಪಡಲಿಲ್ಲ?

ಏಕೆಂದರೆ ಅದು ಗದ್ದುಗೆಯಾಗಿರಲಿಲ್ಲ, ದೊಡ್ಡಿಯಾಗಿತ್ತು. ಎಂಟು ವರ್ಷ ಝೂಲುವಿನಲ್ಲಿ ಕಲಿತ ಹುಡುಗನಿಗೆ ಝೂಲುವಿನಲ್ಲಿ ಕಲಿಸುವ ಹೈಸ್ಕೂಲು ಇಲ್ಲ, ಕಾಲೇಜು ಇಲ್ಲ. ಝೂಲುವಿನಲ್ಲಿ ವ್ಯವಹರಿಸುವ ಹೈಕೋರ್ಟು ಇಲ್ಲ, ಬ್ಯಾಂಕು ಇಲ್ಲ, ಶಾಸನಸಭೆ ಇಲ್ಲ. ಏಣಿಯ ಕೆಳಗಿನ ಎಂಟು ಮೆಟ್ಟಿಲುಗಳನ್ನು ಅವನ ನುಡಿಯಲ್ಲಿ ಮಾಡಿ, ಒಂಬತ್ತನೆಯದನ್ನು ಕಿತ್ತು ಒಗೆದಿದ್ದರು. ಹೈಸ್ಕೂಲಿಗೆ ಕಾಲಿಟ್ಟೊಡನೆ ಎರಡು ಪರನುಡಿಗಳು ಒಮ್ಮೆಲೆ ಅವನ ಹೆಗಲೇರುತ್ತಿದ್ದವು. ಮೇಲಾಗಿ ಒಂದು ನುಡಿಯವರನ್ನು ಇನ್ನೊಂದು ನುಡಿಯವರಿಂದ ಬೇರೆಯಿಟ್ಟರೆ ಎಲ್ಲರೂ ಕೂಡಿ ನಿಲ್ಲಲಾರರು ಎಂಬ ಒಳಗಣಿತವೂ ಅದರಲ್ಲಿತ್ತು. ಪೋಷಣೆಯ ಹೆಸರಿನಿಂದ ಪ್ರತಿಬಂಧವನ್ನು ಮಾಡಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುವದು.

1959ರಲ್ಲಿ ಇನ್ನೊಂದು ಕಾಯದೆಯು ಬಂದು, ಅದುವರೆಗೆ ಎಲ್ಲರಿಗೂ ತೆರೆದಿದ್ದ ಕೇಪ್‌ಟೌನ್ ಮತ್ತು ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯಗಳ ಬಾಗಿಲನ್ನು ಕರಿಯರಿಗೆ ಮುಚ್ಚಿತು. ಸಚಿವರ ಅಪ್ಪಣೆಯಿಲ್ಲದೆ ಅವರು ಅಲ್ಲಿ ಸೇರಲಾರರು. ಒಂದೊಂದು ಕುಲಕ್ಕೆ ಒಂದೊಂದು ಕಾಲೇಜು ಎಂಬಂತೆ, ಉತ್ತರದ ಟರ್ಫ್‌ಲೂಪಿನಲ್ಲಿ ಒಂದು, ಝೂಲುಲ್ಯಾಂಡಿನಲ್ಲಿ ಒಂದು, ಮಿಶ್ರವರ್ಣದವರಿಗೆ ಕೇಪಿನಲ್ಲಿ ಒಂದು, ಭಾರತೀಯರಿಗೆ ಡರ್ಬನ್ನಿನಲ್ಲಿ ಒಂದು ಹೀಗೆ ಹಂಚಿದರು. ಮುಂದಾಳುಗಳನ್ನು ಹೆತ್ತ ಫೋರ್ಟ್ ಹೇರನ್ನು ಸರಕಾರವು ತನ್ನ ಮುಷ್ಟಿಯೊಳಗೆ ತೆಗೆದುಕೊಂಡಿತು.

ಜನರು ಇದನ್ನೆಲ್ಲ ಸುಮ್ಮನೆ ನುಂಗಿದರೆಂದು ತಿಳಿಯಬೇಡಿರಿ. 1955ರ ಏಪ್ರಿಲ್‌ದಲ್ಲಿ ಆಫ್ರಿಕನ್ ನ್ಯಾಶನಲ್ ಕಾಂಗ್ರೆಸ್ಸು ಶಾಲೆಗಳ ಬಹಿಷ್ಕಾರಕ್ಕೆ ಕರೆಯಿತ್ತಿತು. ಜೋಹಾನ್ಸ್‌ಬರ್ಗಿನ ಸುತ್ತಲಿನ ಬೆನೋನಿ, ಜರ್ಮಿಸ್ಟನ್ ಮುಂತಾದ ಊರುಗಳಲ್ಲಿ ಸಾವಿರಾರು ಮಕ್ಕಳು ಶಾಲೆಯನ್ನು ಬಿಟ್ಟರು. ಸರಕಾರವು ಗೊತ್ತುಮಾಡಿದ ದಿನದೊಳಗೆ ಮರಳಿ ಬಾರದ ಮಕ್ಕಳಿಗೆ ಮುಂದೆಂದೂ ಶಾಲೆಯಿಲ್ಲ ಎಂದು ವೆರ್ವೂರ್ಡರು ಸಾರಿದರು. ಸುಮಾರು 7,000 ಮಕ್ಕಳು ಹಾಗೆಯೇ ಹೊರಗೆ ಬಿದ್ದರು. ಅವರಿಗಾಗಿ ಸ್ವಯಂಸೇವಕರು ‘ಸಾಂಸ್ಕೃತಿಕ ಕೂಟ’ಗಳೆಂಬ ಹೆಸರಿನಿಂದ ಪಾಠವನ್ನು ನಡೆಯಿಸಿದರು. ಶಾಲೆಯೆಂದರೆ ಅಪರಾಧವಾಗುವದರಿಂದ ಹಾಡು, ಕಥೆ, ಆಟಗಳ ಮರೆಯಲ್ಲಿಯೇ ಲೆಕ್ಕವನ್ನೂ ಭೂಗೋಲವನ್ನೂ ಹೇಳಿಕೊಡಬೇಕಾಗಿತ್ತು. ಹಣವಿಲ್ಲದೆ, ಪೋಲೀಸರ ಕಾಟದಿಂದ ಆ ಕೂಟಗಳು ಬಹುದಿನ ಬಾಳಲಿಲ್ಲ. ಬಡ ತಾಯಿತಂದೆಗಳು, ಕೆಟ್ಟ ಶಾಲೆಯಾದರೂ ಬೀದಿಗಿಂತ ಲೇಸೆಂದು ಕಣ್ಣೀರಿನಿಂದ ಮಕ್ಕಳನ್ನು ಕಳಿಸಿದರು. ಅವರನ್ನು ನಿಂದಿಸುವ ಅಧಿಕಾರವು ನಮಗಾರಿಗೂ ಇಲ್ಲ.

ಇಪ್ಪತ್ತು ವರ್ಷಗಳ ಮೇಲೆ ಆ ಶಾಲೆಗಳ ಮಕ್ಕಳೇ ಎದ್ದು ನಿಂತರು. ಗಣಿತವನ್ನೂ ಸಮಾಜಶಾಸ್ತ್ರವನ್ನೂ ಬಿಳಿಯ ಆಳರಸರ ನುಡಿಯಾದ ಆಫ್ರಿಕಾನ್ಸಿನಲ್ಲಿಯೇ ಕಲಿಸಬೇಕೆಂದು 1974ರಲ್ಲಿ ಆಜ್ಞೆಯಾಯಿತು. ಶಿಕ್ಷಕರಿಗೇ ಆ ನುಡಿಯು ಸರಿಯಾಗಿ ಬಾರದು. ತಾಯ್ನುಡಿಯ ಪ್ರೇಮದ ಮುಖವಾಡವು ಆಗ ಕಳಚಿ ಬಿದ್ದಿತು. ಮಗುವಿನ ಹಿತಕ್ಕಾಗಿ ತಾಯ್ನುಡಿಯೆಂದು ಹೇಳಿದ ಸರಕಾರವೇ ಅದೇ ಮಗುವಿನ ಬಾಯಿಯಲ್ಲಿ ತನ್ನ ನುಡಿಯನ್ನು ತುರುಕಹೋಯಿತು. 1976ರ ಜೂನ್ 16ರಂದು ಸೊವೆಟೊದ ವಿದ್ಯಾರ್ಥಿಗಳು ಸಾವಿರಗಟ್ಟಲೆ ಮೆರವಣಿಗೆ ಹೊರಟರು. ಪೋಲೀಸರು ಗುಂಡು ಹಾರಿಸಿದರು. ಹೆಕ್ಟರ್ ಪೀಟರ್‌ಸನ್ ಎಂಬ ಬಾಲಕನ ದೇಹವನ್ನು ಇನ್ನೊಬ್ಬ ಹುಡುಗನು ತೋಳಿನಲ್ಲಿ ಎತ್ತಿಕೊಂಡು ಓಡುವ, ಸ್ಯಾಮ್ ನ್ಜಿಮಾ ತೆಗೆದ ಚಿತ್ರವನ್ನು ಲೋಕವೆಲ್ಲ ನೋಡಿತು. ಆ ಗಲಭೆಗಳಲ್ಲಿ ಸತ್ತವರು 575 ಜನ ಎಂದು ಸರಕಾರವೇ ನೇಮಿಸಿದ ಸಿಲಿಯೆ ಆಯೋಗವು ಎಣಿಸಿತು. ಕೆಲವೇ ವಾರಗಳಲ್ಲಿ ಆಫ್ರಿಕಾನ್ಸಿನ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 1979ರಲ್ಲಿ ಹಳೆಯ ಕಾಯದೆಯೂ ಹೋಗಿ ಬೇರೊಂದು ಬಂದಿತು. ಬೇರೆತನವು ಮಾತ್ರ 1990ರ ದಶಕದವರೆಗೆ ಉಳಿಯಿತು. 1994ರಲ್ಲಿ ಎಲ್ಲರ ಮತದಿಂದ ಸರಕಾರವಾಗಿ, 1996ರ ರಾಜ್ಯಘಟನೆಯ 29ನೆಯ ಕಲಮು ಎಲ್ಲರಿಗೂ ಮೂಲ ಶಿಕ್ಷಣದ ಹಕ್ಕನ್ನೂ, ಸಾಧ್ಯವಿದ್ದಲ್ಲಿ ತಾನಾರಿಸಿದ ಅಧಿಕೃತ ನುಡಿಯಲ್ಲಿ ಕಲಿಯುವ ಹಕ್ಕನ್ನೂ ಕೊಟ್ಟಿತು. ಹನ್ನೊಂದು ನುಡಿಗಳು ಅಧಿಕೃತವಾದವು.

ಆದರೆ ಮಹನೀಯರೇ, ಒಂದು ಹಾನಿಯು ಯಾವ ಕಾಯದೆಯಿಂದಲೂ ತುಂಬಿಬರಲಿಲ್ಲ. ನಾಲ್ವತ್ತು ವರ್ಷ ತಾಯ್ನುಡಿಯ ಶಾಲೆಯೆಂದರೆ ಕೀಳು ಶಾಲೆ ಎಂಬ ಬರೆಯು ಆ ಜನರ ಮನಸ್ಸಿನ ಮೇಲೆ ಬಿದ್ದಿತ್ತು. ಆದುದರಿಂದ ಸ್ವಾತಂತ್ರ್ಯ ಬಂದ ಮೇಲೆಯೂ ಬಹು ಜನ ತಂದೆತಾಯಿಗಳು ಮೊದಲಿನ ಮೂರು ನಾಲ್ಕು ತರಗತಿಗಳಾಚೆಗೆ ಇಂಗ್ಲಿಷನ್ನೇ ಬಯಸಿದರು. ವರ್ಣದ್ವೇಷಿಗಳು ಕರಿಯರ ಮಕ್ಕಳಿಂದ ಗಣಿತವನ್ನು ಕಸಿದುಕೊಂಡರೆಂಬದನ್ನು ಎಲ್ಲರೂ ಹೇಳುವರು. ಆ ಮಕ್ಕಳಿಗೆ ತಮ್ಮ ತಾಯಿಯ ನುಡಿಯ ಮೇಲಿದ್ದ ವಿಶ್ವಾಸವನ್ನೂ ಕಸಿದುಕೊಂಡರೆಂಬದನ್ನು ನುಡಿಪ್ರೇಮಿಗಳಾದ ನಾವಾದರೂ ಹೇಳಬೇಕು.

ಹಾಗಾದರೆ ತಾಯ್ನುಡಿಯ ಶಿಕ್ಷಣವೇ ತಪ್ಪೆ? ಇದಕ್ಕೆ ಉತ್ತರವು ಅದೇ ನೆಲದಲ್ಲಿ ಉಂಟು. 1860ರಿಂದ ನತಾಲದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದ ನಮ್ಮ ದೇಶಬಾಂಧವರ ಮಕ್ಕಳಿಗೆ ಬಿಳಿಯರ ಶಾಲೆಗಳು ಮುಚ್ಚಿದ್ದವು. ಗಾಂಧೀಜಿಯವರು ಡರ್ಬನ್ನಿನಲ್ಲಿದ್ದಾಗ ಅವರ ಮಕ್ಕಳಿಗೆ ಮಾತ್ರ, ವಿಶೇಷ ಕೃಪೆಯೆಂದು, ಅಂಥ ಶಾಲೆಯಲ್ಲಿ ಪ್ರವೇಶವು ದೊರೆಯುವಂತಿತ್ತು. ಉಳಿದ ಭಾರತೀಯರ ಮಕ್ಕಳಿಗಿಲ್ಲದ್ದು ತಮ್ಮ ಮಕ್ಕಳಿಗೂ ಬೇಡವೆಂದು ಅವರು ಬಿಟ್ಟರು. 1910ರಲ್ಲಿ ಜೋಹಾನ್ಸ್‌ಬರ್ಗಿನ ಹತ್ತಿರ ಟಾಲ್‌ಸ್ಟಾಯ್ ಆಶ್ರಮವು ನಿಂತಾಗ, ಸತ್ಯಾಗ್ರಹಿಗಳ ಮಕ್ಕಳಿಗೆ ಅವರವರ ದೇಶಭಾಷೆಗಳಲ್ಲಿಯೇ ಪಾಠವಾಗುತ್ತಿತ್ತು. ಹಿಂದಿ, ತಮಿಳು, ಗುಜರಾತಿ, ಉರ್ದು ಈ ನುಡಿಗಳನ್ನೆಲ್ಲ ಕಲಿಸುತ್ತಿದ್ದರು, ಇಂಗ್ಲಿಷೂ ಇತ್ತು. ತಮಗೆ ಬರುವಷ್ಟು ತಮಿಳು, ಉರ್ದುಗಳನ್ನು ಗಾಂಧೀಜಿಯವರೇ ಕಲಿಸಿದರು. ತಾಯ್ನುಡಿ ಅಲ್ಲಿಯೂ ಇತ್ತು, ವೆರ್ವೂರ್ಡರ ಶಾಲೆಯಲ್ಲಿಯೂ ಇತ್ತು. ಒಂದರಲ್ಲಿ ಅದು ಬಾಗಿಲಾಯಿತು, ಇನ್ನೊಂದರಲ್ಲಿ ಗೋಡೆಯಾಯಿತು.

ಈ ಭೇದವು ಎಲ್ಲಿಂದ ಬಂದಿತು? ನಾವು ಮೂರು ಒರೆಗಲ್ಲುಗಳನ್ನು ಕಾಣುತ್ತೇವೆ. ಆ ನುಡಿಯ ಶಿಕ್ಷಣವನ್ನು ಕೇಳಿದವರು ಯಾರು, ಕಲಿಯುವವರೋ, ಅವರನ್ನು ಆಳುವವರೋ? ಆ ಶಾಲೆಯಲ್ಲಿ ಒಂದು ವರ್ಗದ ಮಕ್ಕಳಷ್ಟೇ ಕೂಡ್ರುತ್ತಾರೋ, ಎಲ್ಲರ ಮಕ್ಕಳೂ ಕೂಡ್ರುತ್ತಾರೋ? ಆ ನುಡಿಯ ದಾರಿಯು ಕಾಲೇಜು, ಕಚೇರಿ, ನ್ಯಾಯಾಸನಗಳವರೆಗೆ ಹೋಗುತ್ತದೋ, ನಡುವೆಯೇ ಕಡಿಯುತ್ತದೋ? ಬಾಂಟು ಶಿಕ್ಷಣವು ಈ ಮೂರರಲ್ಲಿಯೂ ಸೋತಿತು. ಸೋತದ್ದು ತಾಯ್ನುಡಿಯಲ್ಲ, ಅದನ್ನು ಹಿಡಿದ ಕೈ.

ಇದೇ ಒರೆಗಲ್ಲಿಗೆ ನಮ್ಮನ್ನೂ ನಾವು ಹಚ್ಚಿ ನೋಡಬೇಕು. ಮೊದಲನೆಯದರಲ್ಲಿ ಕನ್ನಡಿಗರು ತಲೆಯೆತ್ತಿ ನಿಲ್ಲಬಹುದು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ, ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ನಿಜಾಮರ ಆಳಿಕೆಯ ಕಲಬುರ್ಗಿ, ರಾಯಚೂರು, ಬೀದರಗಳಲ್ಲಿ ಉನ್ನತ ಶಿಕ್ಷಣವು ಉರ್ದುವಿನಲ್ಲಿಯೇ ಇದ್ದಾಗಲೂ ಅಲ್ಲಿಯ ಜನರು ಕನ್ನಡವನ್ನು ಬಿಡಲಿಲ್ಲ. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋದ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಇಲ್ಲಿ ಕನ್ನಡವನ್ನು ಕೇಳಿದವರು ಕನ್ನಡಿಗರೇ. ಆಳುವವರು ಅದನ್ನು ಹೇರಲಿಲ್ಲ. ಆಳುವವರಿಂದ ನಾವು ಅದನ್ನು ಪಡೆದೆವು.

ಎರಡನೆಯ ಒರೆಗಲ್ಲಿನ ಮುಂದೆ ನಮ್ಮ ತಲೆಯು ಬಾಗಬೇಕು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರಲು ನೆರೆಯವನ ತಟ್ಟೆಯ ನೊಣವನ್ನು ತೋರಿಸಿದವನಂತೆ ನಾವಾಗಬಾರದು. 1856ರಲ್ಲಿ ಇದೇ ನಮ್ಮ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ಬೇಡಿ ಮಹಾರ ಜಾತಿಯ ಒಬ್ಬ ಹುಡುಗನು ಅರ್ಜಿಯನ್ನು ಕೊಟ್ಟನು. ಅವನೊಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಶಾಲೆಯನ್ನು ಬಿಟ್ಟಾರು ಎಂದು ಮುಂಬಯಿ ಸರಕಾರವು ಅವನನ್ನು ಹೊರಗಿಟ್ಟಿತು. ಸರಕಾರವು ಪರಕೀಯರದು ನಿಜ. ಆದರೆ ಅದು ಅಂಜಿದ್ದು ನಮ್ಮವರ ಮಡಿಗೆ. ವರ್ಣಶಾಲೆಯ ಪಾಪವು ಬಿಳಿಯರ ಸ್ವತ್ತಷ್ಟೇ ಅಲ್ಲ. ಮುಂದೆ ಮಂಗಳೂರಿನ ಕುದ್ಮುಲ್ ರಂಗರಾಯರಂಥವರು, ಬಹಿಷ್ಕಾರವನ್ನು ಸಹಿಸಿ, ಅಸ್ಪೃಶ್ಯರೆನಿಸಿದ ಮಕ್ಕಳಿಗೆ ಶಾಲೆಗಳನ್ನು ತೆರೆದದ್ದು ನಮ್ಮ ಮಾನವನ್ನಷ್ಟು ಉಳಿಸಿತು. 1950ರಲ್ಲಿ ಬಂದ ನಮ್ಮ ರಾಜ್ಯಘಟನೆಯು ಅಸ್ಪೃಶ್ಯತೆಯನ್ನು ಕಾಯದೆಯಿಂದ ಅಳಿಸಿತು. ಮನಸ್ಸಿನಿಂದ ಅಳಿಸುವದು ಶಾಲೆಯ ಕೆಲಸ, ನಮ್ಮೆಲ್ಲರ ಕೆಲಸ.

ಇದೇ ಒರೆಗಲ್ಲಿಗೆ ಹಚ್ಚಬೇಕಾದ ಇನ್ನೊಂದು ಸಂಗತಿಯುಂಟು. ಹಣವಂತರ ಮಕ್ಕಳು ಇಂಗ್ಲಿಷ್ ಶಾಲೆಗೆ, ಬಡವರ ಮಕ್ಕಳು ಸರಕಾರಿ ಕನ್ನಡ ಶಾಲೆಗೆ ಎಂಬ ಇಬ್ಭಾಗವು ನಮ್ಮ ಕಣ್ಣೆದುರಿಗೇ ಆಗುತ್ತಿದೆ. ಇಲ್ಲಿ ಯಾವ ವೆರ್ವೂರ್ಡರೂ ಇಲ್ಲ, ದಂಡದ ಕಲಮೂ ಇಲ್ಲ. ಆ ಪಾಪಕ್ಕೂ ಇದಕ್ಕೂ ತಕ್ಕಡಿಯಲ್ಲಿ ಸರಿತೂಗುವದಿಲ್ಲ. ಆದರೂ ಕನ್ನಡದ ವೇದಿಕೆಯಿಂದ ಗರ್ಜಿಸುವ ನಮ್ಮವರಲ್ಲಿಯೇ ಅನೇಕರ ಮಕ್ಕಳು ಕನ್ನಡ ಶಾಲೆಯ ಅಂಗಳವನ್ನು ತುಳಿಯದಿದ್ದರೆ, ಬಡವನ ಮಗುವಿಗೆ ಕನ್ನಡವು ಬಾಗಿಲಾಗಿ ಕಾಣುವದೋ, ಗೋಡೆಯಾಗಿ ಕಾಣುವದೋ? 1994ರಲ್ಲಿ ಕರ್ನಾಟಕ ಸರಕಾರವು ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿಯ ಮಾಧ್ಯಮವನ್ನು ಕಡ್ಡಾಯಮಾಡಿದ ಆಜ್ಞೆಯು ಕೋರ್ಟಿಗೆ ಹೋಗಿ, 2014ರ ಮೇ 6ರಂದು ಸುಪ್ರೀಮ್ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನದು, ಮಗುವಿನ ಪರವಾಗಿ ತಂದೆತಾಯಿಗಳದು, ಸರಕಾರವು ಅದನ್ನು ಹೇರಲಾಗದು ಎಂದು ತೀರ್ಪಿತ್ತಿತು. ಆ ತೀರ್ಪಿನಿಂದ ಕನ್ನಡಿಗರು ನೊಂದರು. ನೋವು ಸಹಜ. ಆದರೆ ಸೊವೆಟೊದ ಮಕ್ಕಳ ವೃತ್ತಾಂತವನ್ನು ಬಲ್ಲವರು ಅದನ್ನು ಇನ್ನೊಂದು ಬಗೆಯಿಂದಲೂ ಓದಬಹುದು. ಆಜ್ಞೆಯಿಂದ ತುಂಬಿದ ಶಾಲೆಯಲ್ಲಿ ನುಡಿಯು ಬಾಳದು. ಆರಿಸಿ ಬಂದವರ ಶಾಲೆಯಲ್ಲಿ ಬಾಳುತ್ತದೆ. ಕನ್ನಡ ಶಾಲೆಯನ್ನು ಜನರು ತಾವಾಗಿ ಆರಿಸುವಂತೆ ಮಾಡುವದು ಈಗ ನಮ್ಮ ಮೇಲಿರುವ ಹೊಣೆ.

ಅದು ಹೇಗಾದೀತು? ಮೂರನೆಯ ಒರೆಗಲ್ಲು ದಾರಿ ತೋರಿಸುತ್ತದೆ. ಕನ್ನಡದಲ್ಲಿ ಕಲಿತವನಿಗೆ ಕನ್ನಡದಲ್ಲಿ ಗಣಿತ, ವಿಜ್ಞಾನ, ವೈದ್ಯ, ಕಾಯದೆಗಳ ಒಳ್ಳೆಯ ಪುಸ್ತಕಗಳು ಸಿಗಬೇಕು. ಕೋರ್ಟಿನಲ್ಲಿ ಅವನ ಅರ್ಜಿಗೆ ಕನ್ನಡದಲ್ಲಿ ಉತ್ತರ ಬರಬೇಕು. ನಾವು ವಕೀಲರು ಕಕ್ಷಿಗಾರನಿಗೆ ಅರ್ಥವಾಗುವ ನುಡಿಯಲ್ಲಿ ವಾದಿಸಬೇಕು, ನ್ಯಾಯಾಧೀಶರು ಬರೆಯಬೇಕು. ಇಂಗ್ಲಿಷನ್ನು ಒಂದು ವಿಷಯವಾಗಿ ಬಡವರ ಶಾಲೆಯಲ್ಲಿಯೂ ಚೆನ್ನಾಗಿ ಕಲಿಸಬೇಕು. ಟಾಲ್‌ಸ್ಟಾಯ್ ಆಶ್ರಮದಲ್ಲಿ ತಾಯ್ನುಡಿಯ ಜೊತೆಗೆ ಇಂಗ್ಲಿಷೂ ಇತ್ತೆಂಬದನ್ನು ಮರೆಯಬಾರದು. ಕನ್ನಡ ಶಾಲೆಗೆ ನೆಟ್ಟಗಿನ ಮಾಡು, ಸಾಕಷ್ಟು ಶಿಕ್ಷಕರು, ಪೂರ್ಣ ವೇಳೆಯ ಪಾಠ ಇವೆಲ್ಲ ಇರಬೇಕು. ಒಂಬತ್ತನೆಯ ಮೆಟ್ಟಿಲನ್ನು ಕಿತ್ತಿಟ್ಟು ಎಂಟನೆಯದಕ್ಕೆ ಹೂಮಾಲೆ ಹಾಕಿದರೆ ನಮಗೂ ಅವರಿಗೂ ಅಂತರವೇನು ಉಳಿಯಿತು?

ಎದುರುಪಕ್ಷದವರಿಗೆ ನಮ್ಮ ಉತ್ತರವಿಷ್ಟು. ದಕ್ಷಿಣ ಆಫ್ರಿಕೆಯ ಮಕ್ಕಳನ್ನು ಕೆಡಿಸಿದ್ದು ಅವರ ತಾಯಿಯ ನುಡಿಯಲ್ಲ. ಅವರ ಪಾಲಿಗೆ ಬಂದ 42 ರಾಂಡು ಕೆಡಿಸಿತು, ಮೂರು ತಾಸಿನ ಶಾಲೆ ಕೆಡಿಸಿತು, ಕಲಿಸಿದವನನ್ನು ಹಿಡಿಯುವ ಕಾಯದೆ ಕೆಡಿಸಿತು, ಇಷ್ಟಕ್ಕಿಂತ ಮೇಲೆ ನಿನಗೆ ಸ್ಥಳವಿಲ್ಲೆಂದ ಅಹಂಕಾರ ಕೆಡಿಸಿತು. ನಮ್ಮವರಿಗೆ ನಮ್ಮ ಬಿನ್ನಹವೂ ಇಷ್ಟೇ. ಆ ಅಹಂಕಾರದ ಒಂದು ಎಳೆಯೂ ನಮ್ಮ ಶಾಲೆಗಳಲ್ಲಿ ಇರದಂತೆ ನೋಡಿಕೊಳ್ಳೋಣ. 1856ರಲ್ಲಿ ಹೊರಗೆ ನಿಂತ ಆ ಧಾರವಾಡದ ಹುಡುಗನಿಗೂ ಕನ್ನಡವು ತಾಯಿಯಾಗಬೇಕಾಗಿತ್ತು. ನಮ್ಮ ಸಮಾಜವು ಅವನಿಗೆ ಅದನ್ನು ಮಲತಾಯಿಯನ್ನಾಗಿ ಮಾಡಿತು. ಅಂಥ ಎಲ್ಲ ಮಕ್ಕಳೂ ಒಂದೇ ಅಂಗಳದಲ್ಲಿ, ಒಂದೇ ಮಣೆಯ ಮೇಲೆ ಕುಳಿತು, ತಮಗೆ ಬೇಕಾದಷ್ಟು ಎತ್ತರಕ್ಕೆ ಕನ್ನಡದ ಮೆಟ್ಟಿಲನ್ನು ಹತ್ತಿದ ದಿನ ಕನ್ನಡ ನಾಡು ನಿಜವಾಗಿ ಒಂದಾಯಿತೆಂದು ನಾವು ತಿಳಿಯುತ್ತೇವೆ. ಗಡಿಗಳ ಏಕೀಕರಣವು 1956ರಲ್ಲಿ ಮುಗಿಯಿತು; ಮಕ್ಕಳ ಏಕೀಕರಣವು ನಮ್ಮ ಕೈಯಲ್ಲಿದೆ.



ಸಿರಿಗನ್ನಡಂ ಗೆಲ್ಗೆ.